ಒಣಗದ ಮಡಿ ಸೀರೆ

ನಮ್ಮ ಮನೆಯವರಿಗೆ ಏನಾದರೊಂದು ಹುಚ್ಚು ಹಿಡಿದರೆ ಅದು ಇಡೀ ಮನೆಗೇ ಹಿಡಿಯಬೇಕು, ಇಲ್ಲದಿದ್ದರೆ ಅವರಿಗೆ ಸಮಾಧಾನವಿಲ್ಲ. ಒಂದು ವರ್ಷ ಜೇನು ಸಾಕುವ ಹುಚ್ಚು ಹಿಡಿದು, ಇಂಡಿ ಊರಿನ ನಮ್ಮ ಓಣಿಯ ಅರ್ಧ ಜನ ಮುಖ ಊದಿಸಿಕೊಂಡು ತಿರುಗಿದರು. ಇನ್ನೊಂದು ವರ್ಷ ಮಾಳಿಗೆಯ ಮೇಲೆ ಬಿಸಿಲಿನ ಒಲೆ ಇಟ್ಟು ಬೇಳೆ ಬೇಯಿಸಲು ಹೋದರು. ಅದು ಬೇಯುವ ಹೊತ್ತಿಗೆ ನಾವು ಕಾದು ಕಾದು ಅವಲಕ್ಕಿ ತಿಂದು ಕೈ ತೊಳೆದುಕೊಂಡಿದ್ದೆವು. ಹಾಗಾಗಿ ಅವರು ಪುಣೆಯಿಂದ ಫೋನ್ ಮಾಡಿ, "ಒಂದ ಮನಿ ತರ್ಲಿಕ್ಕತ್ತೇನಿ, ಗಾಲಿ ಇರೂ ಮನಿ" ಅಂದಾಗ ನನಗೆ ಗಾಬರಿಯಾಗಲಿಲ್ಲ. ಸಿಟ್ಟು ಬಂತು, ಅಷ್ಟೆ.

"ಎಲ್ಲೆ ಇಡ್ತೀರಿ ಅದನ್ನ? ಅಂಗಳದಾಗ ನನ್ನ ತುಳಸಿಕಟ್ಟಿ ಅದ" ಅಂದೆ.

"ಅದನ್ನ ಇಡೂದಲ್ಲ. ಅದರಾಗ ನಾವ ಇರೂದು" ಅಂದರು.

ಅದಕ್ಕೆ ಹೈಬ್ರಿಡ್ ಟ್ರೇಲರ್ ಅನ್ನುತ್ತಾರಂತೆ. ನಮ್ಮ ಕಡೆ ಹೈಬ್ರಿಡ್ ಅಂದರೆ ಜೋಳ, ಇಲ್ಲವೇ ಹತ್ತಿ. ಗಾಡಿಗೂ ಆ ಹೆಸರಿದೆ ಎಂದು ನನಗೆ ಗೊತ್ತಿರಲಿಲ್ಲ. ಅರ್ಧ ಪೆಟ್ಟಿಗೆ, ಅರ್ಧ ಡೇರೆ. ನಡುವೆ ಗಟ್ಟಿ ಗೋಡೆ, ತಗಡಿನ ಚಾವಣಿ, ಎರಡು ಬದಿಗೂ ಒಂದೊಂದು ಪುಟ್ಟ ಕಿಟಕಿ, ಮೊಳದಗಲದ ಕಟ್ಟೆಯ ಮೇಲೆ ಗ್ಯಾಸ್ ಒಲೆ. ಮುಂದಿನ ಮತ್ತು ಹಿಂದಿನ ಗೋಡೆಗಳ ಚಿಲಕ ತೆಗೆದು ಕೆಳಗಿಳಿಸಿದರೆ ಅವೇ ಎರಡು ಹಾಸಿಗೆಯಾಗುತ್ತವೆ, ಅವುಗಳ ಮೇಲೆ ದಪ್ಪ ಬಟ್ಟೆಯ ಡೇರೆ ಬಿಚ್ಚಿಕೊಳ್ಳುತ್ತದೆ. ಪುಣೆಯ ಯಾರೋ ಒಬ್ಬರು ಆಸೆಪಟ್ಟು ಮಾಡಿಸಿ, ಎರಡು ಸಲ ಓಡಾಡಿ, ಸಾಕಾಗಿ ಮಾರಿದ್ದರು. ಅವರಿಗೆ ಯಾಕೆ ಸಾಕಾಯಿತು ಎಂದು ನಮ್ಮವರು ಕೇಳಲಿಲ್ಲ. ಕೇಳಿದ್ದರೆ ಈ ಕಥೆಯ ಅರ್ಧ ಅಲ್ಲೇ ಮುಗಿಯುತ್ತಿತ್ತು.

ಆದರೆ ಈ ಸಲದ ಹುಚ್ಚಿಗೆ ಒಂದು ಕಾರಣವಿತ್ತು. ಆ ಕಾರಣ ನಮ್ಮ ಅತ್ತೆ.

ಮನೆಯಲ್ಲಿ ನಾವೆಲ್ಲ ಅವರನ್ನು ಆಯಿ ಅನ್ನುತ್ತೇವೆ. ಮಗನೂ, ನಾನೂ, ನನ್ನ ಮಗಳೂ. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿಲ್ಲ, ಮಡಿಯೂ ಬಾಗಿಲ್ಲ. ಮುಂಜಾನೆ ಎದ್ದು ಸ್ನಾನ ಮಾಡಿ, ಹಿಂದಿನ ದಿನ ಒಗೆದು ಎತ್ತರದ ಹಗ್ಗಕ್ಕೆ ಹಾಕಿದ ಸೀರೆಯನ್ನು ಕೋಲಿನಿಂದ ಇಳಿಸಿಕೊಂಡು ಉಟ್ಟು, ಆಮೇಲೆಯೇ ಒಲೆ ಹತ್ತಿರ ಹೋಗುವುದು. ಆ ಸೀರೆಯನ್ನು ನಡುವೆ ಯಾರಾದರೂ ಮುಟ್ಟಿದರೆ ಮುಗಿಯಿತು, ಮತ್ತೆ ಒಗೆಯಬೇಕು. ತಾವು ಮಡಿಯಲ್ಲಿ ಮಾಡಿದ್ದನ್ನೇ ಉಣ್ಣುವುದು. ಹೋಟೆಲು, ಖಾನಾವಳಿ, ಮದುವೆಯ ಛತ್ರ ಯಾವುದೂ ಇಲ್ಲ. ಹೀಗಾಗಿ ಆಯಿ ಊರು ಬಿಟ್ಟು ಹೋದದ್ದನ್ನು ನಾನು ಸೊಸೆಯಾಗಿ ಬಂದಾಗಿನಿಂದ ನೋಡಿದ್ದೇ ಅಪರೂಪ.

ಅವರಿಗೊಬ್ಬ ತಮ್ಮನಿದ್ದಾರೆ. ಮುಳವಾಡದ ಆಚೆ ಒಂದು ಹಳ್ಳಿಯಲ್ಲಿ ಸಾಲಿ ಮಾಸ್ತರರಾಗಿದ್ದು ಈಗ ನಿವೃತ್ತರು. ನಾವು ಮಾಮಾ ಅನ್ನುತ್ತೇವೆ. ಅವರು ಬೇರೆ ಜಾತಿಯ ಹುಡುಗಿಯನ್ನು, ತಮ್ಮದೇ ಸಾಲಿಯ ಟೀಚರನ್ನು ಮದುವೆಯಾದರು. ಅದು ನಾನು ಈ ಮನೆಗೆ ಬರುವುದಕ್ಕಿಂತ ಎಷ್ಟೋ ಮೊದಲಿನ ಮಾತು. ಆಗ ಏನೇನು ಕೂಗಾಟವಾಯಿತೋ ಗೊತ್ತಿಲ್ಲ. ನಾನು ಬರುವ ಹೊತ್ತಿಗೆ ಎಲ್ಲ ತಣ್ಣಗಾಗಿತ್ತು. ಮಾಮಾ ಪ್ರತಿ ದೀಪಾವಳಿಗೆ ಬರುತ್ತಾರೆ, ಆಯಿ ಆರತಿ ಮಾಡುತ್ತಾರೆ, ಇಬ್ಬರೂ ಪಡಸಾಲೆಯಲ್ಲಿ ಕೂತು ಚಿಕ್ಕವರಿದ್ದಾಗಿನ ಜಗಳಗಳನ್ನು ಮತ್ತೊಮ್ಮೆ ಆಡುತ್ತಾರೆ. ಆಯಿ ಮಾತ್ರ ತಮ್ಮನ ಮನೆಯ ಹೊಸ್ತಿಲು ತುಳಿದಿರಲಿಲ್ಲ.

"ಹೋಗಿ ಉಣಲಾರದ ಹ್ಯಾಂಗ ಬರೂದು? ಪಾಪ, ಅಕಿ ಮನಸಿಗೆ ಹತ್ತೂದಿಲ್ಲೇನು?" ಅನ್ನುತ್ತಿದ್ದರು. ಉಂಡರೆ ಮಡಿ ಹೋಗುತ್ತದೆ, ಉಣ್ಣದಿದ್ದರೆ ತಮ್ಮನ ಹೆಂಡತಿಯ ಮನಸ್ಸು ಮುರಿಯುತ್ತದೆ. ಆದ್ದರಿಂದ ಹೋಗುವುದೇ ಬೇಡ. ಇದು ಅವರ ಲೆಕ್ಕ.

ಮಾಮಿ ಮಾತ್ರ ಪ್ರತಿ ವರ್ಷ ಗಂಡನ ಕೈಯಲ್ಲಿ ಒಂದು ಡಬ್ಬಿ ಶೇಂಗಾ ಹೋಳಿಗೆ ಕಳಿಸುವುದನ್ನು ಬಿಡಲಿಲ್ಲ. ಆಯಿ ಆ ಡಬ್ಬಿಯ ಮುಚ್ಚಳ ತೆಗೆದು, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡು, ಡಬ್ಬಿಯನ್ನು ನನ್ನ ಕೈಗೆ ಕೊಡುತ್ತಿದ್ದರು. ನಾನು ತಿನ್ನುವಾಗ ಎದುರಿಗೇ ಕೂತು ವಿಚಾರಣೆ ಶುರು.

"ಹ್ಯಾಂಗ ಆಗ್ಯಾವ? ಬೆಲ್ಲ ಮುಂದಾಗೇದೇನು? ಏಲಕ್ಕಿ ಹಾಕ್ಯಾಳೇನು?" ನಾನು ಬಾಯಿ ತುಂಬಿಕೊಂಡೇ, ಏಲಕ್ಕಿ ಇದೆ ಎಂದು ತಲೆಯಾಡಿಸುತ್ತಿದ್ದೆ.

ಒಂದು ವರ್ಷ ತಡೆಯಲಾರದೆ, "ಒಂದ ತುಂಡ ತಿಂದ ನೋಡ್ರಿ ಆಯಿ, ನಾ ಎಷ್ಟಂತ ಹೇಳ್ಲಿ?" ಅಂದುಬಿಟ್ಟೆ. ಅವರು ಎದ್ದು ಒಳಗೆ ಹೋದರು. ಆ ದಿನವೆಲ್ಲ ನನ್ನೊಂದಿಗೆ ಮಾತಾಡಲಿಲ್ಲ.

ಈಗ ನಮ್ಮವರ ಯೋಜನೆ ಏನೆಂದರೆ, ಆಯಿಯ ಅಡುಗೆಮನೆಯನ್ನೇ ಗಾಲಿಯ ಮೇಲೆ ಇಟ್ಟುಕೊಂಡು ಮಾಮಾನ ಮನೆಗೆ ಹೋಗುವುದು. ಅವರ ಅಂಗಳದಲ್ಲಿ ಗಾಡಿ ನಿಲ್ಲಿಸಿದರೆ ಆಯಿ ತಮ್ಮನ ಮನೆಗೆ ಹೋದಂತೆಯೂ ಆಯಿತು, ಮಡಿಯಲ್ಲಿ ಉಂಡಂತೆಯೂ ಆಯಿತು. ಹೇಳಿ ಮುಗಿಸಿ ಅವರು ನನ್ನ ಮುಖ ನೋಡಿದರು, ಶಭಾಷ್ ಅನ್ನುತ್ತೇನೆಂದು.

ನನಗೆ ತಲೆ ಕೆಟ್ಟಿತು. "ಆ ಮಾಮಿ ಅಂಗಳದಾಗ ಹೋಗಿ, ಆಕಿ ಒಲಿ ಎದುರಿಗೆ ನಮ್ಮ ಒಲಿ ಹಚ್ಚೂದೇನು? ಮನಿಗೆ ಬರಲಾರದ್ದ ಒಂದ ಅವಮಾನ, ಇದು ಎರಡನೇದ್ದು. ಅದೂ ಗಾಲಿ ಮ್ಯಾಲ!" ಅಂದೆ.

"ಒಂದ ಹೆಜ್ಜಿ ಆದ್ರೂ ಮುಂದ ಹೋಗ್ತಾಳಲ್ಲ ಆಯಿ" ಅಂದರು. ಅವರ ದನಿಯಲ್ಲಿ ಅಷ್ಟು ಆಸೆಯಿತ್ತು, ನಾನು ಒಪ್ಪಿಕೊಂಡೆ. ಆದರೆ ಮನಸ್ಸಿನಲ್ಲಿ ನನ್ನದೊಂದೇ ಹರಕೆ: ಆಯಿ ಆ ಮನೆಯಲ್ಲಿ ಒಂದು ತುತ್ತಾದರೂ ಉಣ್ಣಬೇಕು. ಗಾಡಿಯಲ್ಲಿ ಅಲ್ಲ, ಮನೆಯಲ್ಲಿ.

ಆಯಿ ಮಗನ ಮಾತನ್ನು ಪೂರ್ತಿ ಕೇಳಿ ಒಂದೇ ಒಂದು ಷರತ್ತು ಹಾಕಿದರು. "ದಿನಾ ನನ್ನ ಮಡಿ ಸೀರಿ ವಣಗಬೇಕು. ವಣಗಲಿಲ್ಲಂದ್ರ ಅಡಗಿ ಇಲ್ಲ, ಅಡಗಿ ಇಲ್ಲಂದ್ರ ಊಟ ಇಲ್ಲ, ತಿರುಗಿ ಇಂಡಿಗೆ."

"ಅಷ್ಟ ಅಲ್ಲೇನು!" ಎಂದು ಮಗ ನಕ್ಕರು. ವಿಜಯಪುರ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ಬಟ್ಟೆ ಒಣಗುವುದಿಲ್ಲ ಎನ್ನುವ ಮಾತೇ ಅರ್ಥವಾಗುವುದಿಲ್ಲ. ಇಲ್ಲಿ ಹಿಂಡುವ ಮೊದಲೇ ಒಣಗಿರುತ್ತದೆ.

ಎಳ್ಳ ಅಮಾವಾಸ್ಯೆ ಮುಗಿದ ವಾರ ಹೊರಟೆವು. ಹಳೆಯ ಡೀಸೆಲ್ ಜೀಪಿನ ಹಿಂದೆ ಆ ಪೆಟ್ಟಿಗೆ ಕುಲುಕುತ್ತ ಬರುತ್ತಿತ್ತು. ಸಾಲೋಟಗಿ ದಾಟುವಷ್ಟರಲ್ಲಿ ಆಯಿಯ ಉಪ್ಪಿನಕಾಯಿ ಭರಣಿ ಒಮ್ಮೆ ಉರುಳಿತು, ನನ್ನ ಸಿಟ್ಟು ಎರಡು ಸಲ ಏರಿ ಇಳಿಯಿತು. ಸಿಂದಗಿಯಲ್ಲಿ ಡೀಸೆಲ್ ಹಾಕಿಸಲು ನಿಂತಾಗ ನೋಡನೋಡುತ್ತಿದ್ದಂತೆ ಗಾಡಿಯ ಬಾಗಿಲ ಮುಂದೆ ಒಂದು ಸಾಲು ನಿಂತಿತು. ಮೊದಲು ನಿಂತ ಅಜ್ಜ ಟೊಪ್ಪಿಗೆ ತೆಗೆದು ಕಣ್ಣು ಅಗಲಿಸಿ ತೋರಿಸುತ್ತ, "ಡಾಕ್ಟರ್ ಎಲ್ಲಿ ಅದಾರ್ರೀ? ಎಡಗಣ್ಣಿಗಿ ಪರದೆ ಬಂದೈತಿ" ಅಂದ.

"ಇದು ಕಣ್ಣಿನ ತಪಾಸಣಿ ಗಾಡಿ ಅಲ್ಲರಿ, ನಮ್ಮ ಮನಿ" ಅಂದರು ನಮ್ಮವರು.

ಅಜ್ಜ ಗಾಡಿಯನ್ನೊಮ್ಮೆ, ಇವರನ್ನೊಮ್ಮೆ ನೋಡಿದ. "ಯಾಕ್ರೀ, ಇದ್ದ ಮನಿ ಏನಾತು?" ಅಂತ ನಿಜವಾದ ಮರುಕದಿಂದ ಕೇಳಿದ. ನಾನೂ ಮಗಳೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಯಿ ಮಾತ್ರ ಕಿಟಕಿಯಿಂದ ತಲೆ ಹಾಕಿ, ಕಣ್ಣಿನ ದವಾಖಾನೆ ಎಲ್ಲಿದೆ ಎಂದು ಅಲ್ಲಿದ್ದವರನ್ನು ವಿಚಾರಿಸಿ ಆ ಅಜ್ಜನಿಗೆ ಹೇಳಿಯೇ ಬಿಟ್ಟರು.

ಮೊದಲ ವಸತಿ ದೇವರ ಹಿಪ್ಪರಗಿಯ ಹತ್ತಿರದ ನಮ್ಮ ಹೊಲದಲ್ಲಿ. ಆ ಹೊಲವನ್ನು ಒಂದು ಕುಟುಂಬ ಪಾಲಿಗೆ ಮಾಡುತ್ತಿದೆ. ಎದೆಮಟ್ಟ ಜೋಳ, ಅದರಾಚೆ ಮಂಡಿಗಿಂತ ಕೆಳಗೆ ಹಬ್ಬಿದ ಕಡಲೆ. ಹೊತ್ತು ಮುಳುಗುತ್ತಿದ್ದಂತೆ ಥಂಡಿ ಮೈಗೆ ಕಚ್ಚಿತು. ಆಯಿ ಬೋರಿನ ನೀರಿನಲ್ಲಿ ಸೀರೆ ಒಗೆದು, ಹೊರಗೆ ಹಾಕಿದರೆ ನಾಯಿ ಮುಟ್ಟೀತು ಎಂದು ಗಾಡಿಯೊಳಗೇ ಚಾವಣಿಯ ಕೆಳಗೆ ಹಗ್ಗ ಕಟ್ಟಿಸಿ ಹರವಿದರು. ಒಂಬತ್ತು ವಾರದ, ಅಂದರೆ ಒಂಬತ್ತು ಗಜದ ಸೀರೆ. ಗಾಡಿಯ ಈ ತುದಿಯಿಂದ ಆ ತುದಿಗೆ ಹೋಗಿ, ತಿರುಗಿ ಬಂದು, ಇನ್ನೂ ಉಳಿಯಿತು. ಒಳಗೇ ನೀರು ಕಾಸಿದೆವು, ಹಾಲು ಕಾಸಿದೆವು, ಸಾರು ಬಿಸಿ ಮಾಡಿದೆವು. ಎರಡೂ ಕಿಟಕಿ ಬಿಗಿ ಮಾಡಿ, ಡೇರೆಯ ಜಿಪ್ಪುಗಳನ್ನು ಮೇಲಿನವರೆಗೂ ಎಳೆದು, ಗಾಳಿ ನುಸುಳುವ ಸಂದುಗಳಿಗೆಲ್ಲ ನಮ್ಮವರು ಹಳೆ ಬನಿಯನ್ ತುರುಕಿದರು. "ನೋಡು, ಒಂದ ಎಳಿ ಗಾಳಿ ಒಳಗ ಬರೂದಿಲ್ಲ" ಎಂದು ಹೆಮ್ಮೆಪಟ್ಟರು. ಬೆಚ್ಚಗೆ ಮಲಗಿದೆವು.

ಬೆಳಕು ಹರಿಯುವಾಗ ನನ್ನ ಮೂಗಿನ ಮೇಲೆ ಒಂದು ಹನಿ ಬಿತ್ತು. ಒರೆಸಿಕೊಂಡೆ. ಇನ್ನೊಂದು ಹನಿ ಕಿವಿಯೊಳಕ್ಕೇ ಇಳಿಯಿತು. ಕಣ್ಣು ಬಿಟ್ಟು ನೋಡಿದರೆ ಚಾವಣಿಯ ತಗಡಿನ ತುಂಬ ನೀರಿನ ಮಣಿಗಳು. ಡೇರೆಯ ಬಟ್ಟೆ ತೊಯ್ದು ಜೋತುಬಿದ್ದಿತ್ತು. ಕೈಯೂರಿ ಏಳಲು ಹೋದರೆ ಹಾಸಿಗೆಯ ಅಡಿ ಪಚಪಚ ಎಂದಿತು. ಮುಂದಿನ ಹಾಸಿಗೆಯಲ್ಲಿ ಆಯಿಯ ಜೊತೆ ಮಲಗಿದ್ದ ಮಗಳು ಎದ್ದು ಕೂತು, "ಅಮ್ಮಾ, ಮಳಿ ಒಳಗ ಬಂದು ಹೊರಗ ಹೋಗೇದೇನ?" ಅಂದಳು. ಆಯಿಯ ಮಡಿ ಸೀರೆ ಹಗ್ಗದ ಮೇಲೆ, ಹಿಂದಿನ ಸಂಜೆ ಹಾಕಿದ್ದಕ್ಕಿಂತ ಹೆಚ್ಚು ಒದ್ದೆಯಾಗಿ, ನಿಧಾನವಾಗಿ ತೊಟ್ಟಿಕ್ಕುತ್ತಿತ್ತು.

ನಮ್ಮವರು ಚಾವಣಿ ಸೋರುತ್ತಿದೆ ಎಂದು ತೀರ್ಮಾನಿಸಿ ಬನಿಯನ್ನಿನಲ್ಲೇ ಗಾಡಿಯ ಮೇಲೆ ಹತ್ತಿದರು. ಆಕಾಶ ನಿಚ್ಚಳವಾಗಿತ್ತು, ಮಳೆಯ ಹೆಸರೇ ಇಲ್ಲ. ಆದರೂ ಮೇಲಿನಿಂದ, "ತೂತ ಎಲ್ಲೋ ಇರಬೇಕು, ಹುಡುಕ್ತೇನಿ" ಎಂಬ ದನಿ ಬರುತ್ತಲೇ ಇತ್ತು.

ಆಯಿ ಕಡಲೆಯ ಹೊಲದ ಕಡೆ ನೋಡುತ್ತಿದ್ದರು. ಹೊಲ ಮಾಡುವ ಮನೆಯ ಹೆಣ್ಣುಮಗಳು ಅಲ್ಲಿ ಬಗ್ಗಿ, ರಾತ್ರಿ ಕಡಲೆ ಗಿಡಗಳ ಮೇಲೆ ಹಾಸಿದ್ದ ಬಿಳಿ ಧೋತರವನ್ನು ಎತ್ತಿ ಕೊಡದೊಳಗೆ ಹಿಂಡುತ್ತಿದ್ದಳು. ನಮ್ಮ ಕಡೆ ಚಳಿಗಾಲದಲ್ಲಿ ಇದು ಇದ್ದದ್ದೇ. ಇಬ್ಬನಿ ಕಡಲೆ ಎಲೆಯ ಹುಳಿಯನ್ನು ಹೀರಿ ಬಟ್ಟೆಗೆ ಕೊಡುತ್ತದೆ. ಆ ಕಡ್ಲಿಹುಳಿಯನ್ನು ಕಾಸಿ ಇಟ್ಟುಕೊಂಡರೆ ವರ್ಷವಿಡೀ ಹೊಟ್ಟೆನೋವಿಗೆ ಮದ್ದು. ಮಗಳು ಓಡಿಹೋಗಿ ಒಂದು ತುದಿ ಹಿಡಿದು ಹಿಂಡಿದಳು, ಬೆರಳು ನೆಕ್ಕಿ ಮುಖ ಕಿವುಚಿದಳು.

"ಏ, ಕೆಳಗಿಳಿಯೋ" ಎಂದು ಆಯಿ ಮಗನನ್ನು ಕೂಗಿದರು. "ತೂತ ಇಲ್ಲ, ಏನಿಲ್ಲ. ಹೊರಗ ಧೋತರದ ಮ್ಯಾಲ ಬಿದ್ದದ್ದ ಒಳಗ ನಮ್ಮ ಮ್ಯಾಲ ಬಿದ್ದದ. ನಾಕ ಮಂದಿ ರಾತ್ರಿಯೆಲ್ಲಾ ಉಸರ ಬಿಟ್ಟೇವಿ. ನೀರ ಕಾಸೇವಿ, ಸಾರ ಕುದಿಸೇವಿ, ಒಂಬತ್ತ ವಾರದ ಹಸಿ ಸೀರಿ ಹಾಕೇವಿ. ಅದೆಲ್ಲಾ ಎಲ್ಲೆ ಹೋಗಬೇಕು? ನೀ ಸಂದಿಗೆಲ್ಲಾ ಬನಿಯನ್ ತುರುಕಿ ಮುಚ್ಚೀದಿ. ಅನ್ನದ ಪಾತ್ರಿ ಮುಚ್ಚಳ ತಗದ ನೋಡೀಯೇನು ಎಂದಾದ್ರೂ? ಆ ಮುಚ್ಚಳದ ಕೆಳಗ ಮಲಗೇವಿ ನಾವು."

ನಮ್ಮವರು ಮೇಲಿನಿಂದ ಸದ್ದಿಲ್ಲದೆ ಇಳಿದರು. ಪುಣೆಯವರಿಗೆ ಈ ಗಾಡಿ ಯಾಕೆ ಸಾಕಾಯಿತು ಎಂಬುದು ನನಗೆ ಆಗ ಹೊಳೆಯಿತು. ಇನ್ನು ಆಯಿ ತಿರುಗಿ ಇಂಡಿಗೆ ಎನ್ನುತ್ತಾರೆ ಎಂದು ನಾನು ಕಾದು ನಿಂತೆ. ಷರತ್ತು ಷರತ್ತೇ. ಆದರೆ ಅವರು ತಮ್ಮ ಕಬ್ಬಿಣದ ಟ್ರಂಕು ತೆಗೆದು, ಅದರ ತಳದಿಂದ ಕೆಂಪು ಅಂಚಿನ ಧಾಬಳಿ ಎತ್ತಿದರು. ಅದು ಉಣ್ಣೆಯ ಬಟ್ಟೆ. ಉಣ್ಣೆಗೆ, ರೇಷ್ಮೆಗೆ ಮೈಲಿಗೆ ತಾಗುವುದಿಲ್ಲ, ಒಗೆಯದೆಯೂ ಮಡಿ ಎಂಬುದು ಅವರ ಶಾಸ್ತ್ರ. "ಇವತ್ತೊಂದ ದಿನ ಇದರ ಮ್ಯಾಲ ಆಗ್ತದ" ಎಂದು ಅದನ್ನುಟ್ಟು, ಅನ್ನ ಸಾರು ಮಾಡಿ, ನಮಗೆಲ್ಲ ಬಡಿಸಿ ತಾವೂ ಉಂಡರು. ಷರತ್ತು ಹಾಕುವಾಗ ಈ ಧಾಬಳಿಯ ಸುದ್ದಿಯನ್ನು ಅವರು ಎತ್ತಿರಲೇ ಇಲ್ಲ.

ಅಲ್ಲಿಂದ ಮುಂದೆ ಗಾಡಿಯ ಯಜಮಾನಿಕೆ ಆಯಿಯ ಕೈಗೆ ಹೋಯಿತು. ಒಲೆ ಹೊರಗೆ, ಬಾಗಿಲ ಪಕ್ಕ ಗಾಳಿಗೆ ಮರೆಮಾಡಿ ಹಚ್ಚಬೇಕು. ಪಾತ್ರೆಗೆ ಮುಚ್ಚಳ ಇಲ್ಲದೆ ಏನೂ ಕುದಿಯಬಾರದು. ಎದುರುಬದುರಿನ ಎರಡು ಕಿಟಕಿ ಮತ್ತು ಎರಡೂ ಡೇರೆಯ ಜಿಪ್ಪು ನಾಕು ಬೆರಳಿನಷ್ಟು ತೆರೆದೇ ಇರಬೇಕು, ಥಂಡಿಯಾದರೆ ಕೌದಿ ಇನ್ನೊಂದು ಹೊದ್ದುಕೊಳ್ಳಿ. ಸೀರೆಯನ್ನು ಮಧ್ಯಾಹ್ನದ ಬಿಸಿಲಿಗೇ ಒಗೆದು ಹಾಕಿ, ಗರಿಗರಿ ಒಣಗಿದ ಮೇಲೆ ಕೋಲಿನಿಂದ ಒಳಗೆ ತರುವುದು. ಹಾಸಿಗೆಯ ಅಡಿಗೆ ಹಲಗೆಯ ಮೇಲೆ ಒಣ ಕಣಿಕೆ ಹರಡಬೇಕು. ಜೋಳದ ದಂಟುಗಳ ನಡುವೆ ಗಾಳಿ ಓಡಾಡಿದರೆ ಹಾಸಿಗೆ ಬೆವರುವುದಿಲ್ಲ. ಮುಂಜಾನೆ ಎದ್ದವರು ಮೊದಲು ಹಳೆ ಪಂಚೆಯಿಂದ ಗೋಡೆ ಒರೆಸಬೇಕು, ಚಹಾ ಆಮೇಲೆ. ಒಬ್ಬೊಬ್ಬರಿಗೂ ಒಂದೊಂದು ಕೆಲಸ. ನನ್ನ ಮಗಳಿಗೆ ಜಿಪ್ಪುಗಳ ಉಸ್ತುವಾರಿ ಸಿಕ್ಕಿತು, ಅವಳು ಅದನ್ನು ದೊಡ್ಡ ಅಧಿಕಾರದಂತೆ ನಡೆಸಿದಳು.

ಎರಡನೆಯ ವಸತಿ ಬಸವನ ಬಾಗೇವಾಡಿಯಿಂದ ಮುಳವಾಡದ ಕಡೆ ಹೋಗುವಾಗ, ಏತ ನೀರಾವರಿ ಕಾಲುವೆಯ ಪಕ್ಕದ ಒಂದು ಬಯಲಿನಲ್ಲಿ. ನೀರಿನ ಹತ್ತಿರ ನಿಲ್ಲಿಸಬೇಡಿ ಎಂದು ನಾನು ಬಾಯಿ ಬಡಿದುಕೊಂಡೆ. "ಇಲ್ಲೇ ಪರೀಕ್ಷಾ ಆಗ್ಲಿ" ಅಂದರು ಆಯಿ. ಬೆಳಗ್ಗೆ ಎದ್ದರೆ ಹೊರಗಿನ ಹುಲ್ಲೆಲ್ಲ ಇಬ್ಬನಿಯಲ್ಲಿ ತೊಯ್ದಿತ್ತು, ಜೀಪಿನ ಗಾಜು ಬೆಳ್ಳಗಾಗಿತ್ತು. ಗಾಡಿಯೊಳಗೆ ಮಾತ್ರ ಚಾವಣಿ ಒಣಗಿದೆ, ಹಾಸಿಗೆ ಒಣಗಿದೆ, ಹಗ್ಗದ ಮೇಲಿನ ಸೀರೆ ಹಪ್ಪಳದಂತಿದೆ. ಆಯಿ ಅದನ್ನು ಇಳಿಸಿಕೊಂಡು ಉಟ್ಟು, ಹೊರಗೆ ಒಲೆ ಹಚ್ಚಿ ಬಿಸಿಬಿಸಿ ಉಪ್ಪಿಟ್ಟು ಮಾಡಿ ಬಡಿಸಿದರು. ನಮ್ಮವರು ಎರಡು ಸಲ ಹಾಕಿಸಿಕೊಂಡರು. ಎಲ್ಲರಿಗೂ ಖುಷಿ. ನನಗೊಬ್ಬಳಿಗೆ ಒಳಗೊಳಗೇ ಕಸಿವಿಸಿ. ಗಾಡಿ ಇಷ್ಟು ಚೆನ್ನಾಗಿ ಒಣಗಿದರೆ ಆಯಿ ಮಾಮಿಯ ಮನೆಯೊಳಗೆ ಯಾಕೆ ಕಾಲಿಟ್ಟಾರು?

ಮೂರನೆಯ ದಿನ ಇಳಿಹೊತ್ತಿಗೆ ಮಾಮಾನ ಹಳ್ಳಿ ತಲುಪಿದೆವು. ಆಲಮಟ್ಟಿಯ ಹಿನ್ನೀರು ಅಲ್ಲಿಂದ ಕಾಣುತ್ತದೆ. ಮನೆಯ ಮುಂದೆ ಬೇವಿನ ಮರ, ಮರದ ಕೆಳಗೆ ಗಾಡಿಗೆಂದೇ ಗುಡಿಸಿ ನೀರು ಚಿಮುಕಿಸಿದ ಜಾಗ. ಮಾಮಾ ಗಾಡಿಯನ್ನು ಮೂರು ಸುತ್ತು ಸುತ್ತಿ, "ಅಕ್ಕಾ, ಬಂಡಿ ಕಟಗೊಂಡ ಬಂದ್ಯಲ್ಲ ಬ್ರಿಟಿಷರ ಕಲೆಕ್ಟರ್‌ನಂಗ!" ಎಂದು ನಗುತ್ತ ಕಣ್ಣೊರೆಸಿಕೊಂಡರು.

ಮಾಮಿ ಒಂದು ತಟ್ಟೆಯಲ್ಲಿ ಬೆಲ್ಲ, ಒಂದು ತಂಬಿಗೆಯಲ್ಲಿ ನೀರು ಹಿಡಿದು ಬಂದರು. ತೆಳ್ಳಗಿನ ಹೆಂಗಸು, ಮೆಲು ಮಾತು. "ಬರ್ರಿ ಅಕ್ಕಾರ. ದಾರ್‍ಯಾಗ ತ್ರಾಸ ಆಗಲಿಲ್ಲಲ್ರಿ?" ಅಂದರು. ಆಯಿ ಬೆಲ್ಲದ ಚೂರು ತೆಗೆದುಕೊಂಡರು. ಬಾಯಿಗೆ ಹಾಕಲಿಲ್ಲ, ಅಂಗೈಯಲ್ಲೇ ಹಿಡಿದುಕೊಂಡರು. ಮಾಮಿ ಅದನ್ನು ನೋಡಿದರು, ನೋಡದವರಂತೆ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ರಾತ್ರಿ ಆಯಿ ಉಣ್ಣುವುದಿಲ್ಲ, ಹಾಲು ಬಾಳೆಹಣ್ಣು ಅಷ್ಟೆ. ಹಾಗಾಗಿ ಸಂಜೆ ಹೇಗೋ ದಾಟಿತು. ನಾವು ಮೂವರು ಮಾಮಿಯ ಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಉಂಡೆವು. ನಾನು ಗಾಡಿಗೆ ಬಂದಾಗ ಆಯಿ ಕೇಳಿದ ಮೊದಲ ಮಾತು, "ಎಣ್ಣಿಗಾಯಿ ಹ್ಯಾಂಗಾಗಿತ್ತು? ಗುರೆಳ್ಳ ಪುಡಿ ಹಾಕಿದ್ಲೇನು?"

"ಮಸ್ತ ಆಗಿತ್ತು" ಅಂದೆ. ಬೇಕಂತಲೇ ಮುಂದೆ ಏನೂ ಹೇಳಲಿಲ್ಲ.

ಮಲಗುವ ಮೊದಲು ನಮ್ಮವರು ತಾವೇ ಎರಡೂ ಕಿಟಕಿ ತೆರೆದರು, ಮಗಳು ಎರಡೂ ಜಿಪ್ಪು ಅಳೆದು ನಾಕು ಬೆರಳು ಬಿಟ್ಟಳು. ಆಯಿಯ ಸೀರೆ ದಾರಿಯಲ್ಲೇ ಮಧ್ಯಾಹ್ನದ ಬಿಸಿಲಿಗೆ ಒಣಗಿ ಒಳಗೆ ಬಂದಿತ್ತು. ಕಣಿಕೆ ಹಾಸಿತ್ತು. ಒಂದೂ ತಪ್ಪಿರಲಿಲ್ಲ.

ಮುಂಜಾನೆ ನನ್ನ ಹಣೆಯ ಮೇಲೆ ಹನಿ ಬಿತ್ತು.

ಎದ್ದು ಕೂತೆ. ಚಾವಣಿ ಮೊದಲ ದಿನದಂತೆಯೇ ಬೆವೆತಿತ್ತು, ಒಳಗೆಲ್ಲ ಮಂಜು ಮುಸುಕಿದ ಹಾಗೆ ಹಬೆ. ಎರಡೂ ಕಿಟಕಿಗಳ ಚಿಲಕ ಬಿದ್ದಿತ್ತು. ಆಯಿ ಮಲಗುವ ಕಡೆಯ ಜಿಪ್ಪು ಮೇಲಿನವರೆಗೂ ಎಳೆದಿತ್ತು. ನಮ್ಮ ತಲೆಯ ಕಡೆಯದು ಮಾತ್ರ ನಾಕು ಬೆರಳು ತೆರೆದೇ ಇತ್ತು. ಒಳಗಿನ ಗ್ಯಾಸ್ ಒಲೆಯ ಮೇಲೆ ಒಂದು ದೊಡ್ಡ ಪಾತ್ರೆಯಲ್ಲಿ ನೀರು ಮುಚ್ಚಳವಿಲ್ಲದೆ ಕೊತಕೊತ ಕುದಿಯುತ್ತಿತ್ತು. ಅದರ ನೇರಕ್ಕೆ ಮೇಲೆ, ಆ ಮಡಿ ಸೀರೆ ಹಬೆ ಕುಡಿದು ಹಸಿಯಾಗಿ ನೇತಾಡುತ್ತಿತ್ತು.

"ಆಯಿನೇ ಎದ್ದು ನೀರ ಇಟ್ಲು. ಮುಚ್ಚಳ ಇಡು ಅಂದ್ರ, ಸುಮ್ಮ ಮಲ್ಕೋ ಅಂದ್ಲು" ಎಂದು ಮಗಳು ಕಣ್ಣುಜ್ಜುತ್ತ ನನ್ನ ಕಿವಿಯಲ್ಲಿ ದೂರು ಹೇಳಿದಳು.

ನಾನು ಒಲೆ ಆರಿಸಿ ಕಿಟಕಿ ತೆರೆದ ಮೇಲೆ ಎದ್ದ ನಮ್ಮವರಿಗೆ ಅಳುವುದೊಂದು ಬಾಕಿ. "ಎಲ್ಲಾ ತಗದಿದ್ದೆನಲ್ಲ! ಎಲ್ಲೆ ತಪ್ಪೇತು? ಹಿನ್ನೀರಿನ ಗಾಳಿಯಿಂದ ಆಗಿರಬೇಕು" ಅನ್ನುತ್ತ ಪಂಚೆ ಹಿಡಿದು ಗೋಡೆ ಒರೆಸತೊಡಗಿದರು.

ಆಯಿ ಮೆಟ್ಟಿಲ ಹತ್ತಿರ ನಿಂತಿದ್ದರು. ಮುಖದಲ್ಲಿ ಏನೂ ಇಲ್ಲ. "ಮಡಿ ಸೀರಿ ಹಸಿ ಅದ" ಅಂದರು. "ಇವತ್ತ ನನ್ನ ಕೈಲೆ ಅಡಗಿ ಆಗೂದಿಲ್ಲ."

ನನ್ನ ಬಾಯಿ ಎಂದೂ ಸುಮ್ಮನಿದ್ದದ್ದಲ್ಲ. "ಆಯಿ, ಟ್ರಂಕಿನ್ಯಾಗ ಧಾಬಳಿ ಅದ ಅಲ್ಲ..." ಎಂದು ಶುರುಮಾಡಿದೆ.

ಅವರು ನನ್ನ ಕಡೆ ಒಂದು ನೋಟ ನೋಡಿದರು. ಅಷ್ಟು ವರ್ಷ ಜೊತೆಗೆ ಬಾಳಿದ ಅತ್ತೆ ಸೊಸೆಯರ ನಡುವೆ ಅಂಥ ನೋಟಕ್ಕೆ ವಿವರಣೆ ಬೇಕಾಗುವುದಿಲ್ಲ. ನಾನು ಬಾಯಿ ಮುಚ್ಚಿದೆ.

ಆಯಿ ಅಂಗಳ ದಾಟಿದರು. ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತು, ಸೆರಗು ಸರಿಮಾಡಿಕೊಂಡು, ಬಲಗಾಲಿಟ್ಟು ಒಳಗೆ ಹೋದರು. ನಾನು ಹಿಂದೆಯೇ ಓಡಿದೆ. ಮಾಮಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವರು ನೆರಳು ಬಿದ್ದದ್ದಕ್ಕೆ ತಲೆಯೆತ್ತಿದರು. ಕೈ ಅಲ್ಲೇ ನಿಂತಿತು.

"ಗಾಡಿ ಎಲ್ಲಾ ತೊಯ್ದದ" ಅಂದರು ಆಯಿ, ಯಾರೋ ಬೈದವರಿಗೆ ಉತ್ತರ ಕೊಡುವವರಂತೆ. "ನನ್ನ ಸೀರಿ ಎಲ್ಲಾ ತಂಪ ಹೊಡದಾವ. ನಿನ್ನದೊಂದ ಸೀರಿ ಕೊಡು, ಜಳಕಾ ಮಾಡಿ ಉಡ್ತೇನಿ. ಆಮ್ಯಾಲ ನೀ ಏನ ಮಾಡೀದಿ ಅದನ್ನ ಹಾಕು. ಹಸಿವ್ಯಾಗೇದ."

ಮಾಮಿ ಹಿಟ್ಟಿನ ಕೈ ತೊಳೆಯುವುದನ್ನೂ ಮರೆತು ಎದ್ದು ಒಳಗೆ ಹೋಗಿ, ಮಡಿಕೆ ಮುರಿಯದ ಹೊಸ ಇಳಕಲ್ ಸೀರೆ ತಂದರು. ಸೀರೆಯ ತುಂಬ ಹಿಟ್ಟಿನ ಬೆರಳ ಗುರುತು.

"ಹೊಸಾದ ಬ್ಯಾಡ" ಅಂದರು ಆಯಿ. "ನೀ ದಿನಾ ಉಡ್ತೀಯಲ್ಲ, ಅಂಥಾದ್ದ ಕೊಡು. ಅವು ಮೆತ್ತಗಿರ್ತಾವ."

ಆಗ ಮಾಮಿಯ ಕಣ್ಣಿನಿಂದ ಬಳಬಳನೆ ನೀರಿಳಿಯಿತು. "ಕೊಡ್ತೇನಿ ತಗೋರಿ ಅಕ್ಕಾರ" ಎಂದು ಮತ್ತೆ ಒಳಗೆ ಹೋದರು. ನನಗೂ ಅಳು ಬಂತು, ಅದನ್ನು ಮುಚ್ಚಿಡುವುದೇನಿದೆ. ಅಂಗಳದಲ್ಲಿದ್ದ ಮಾಮಾ ಎಲ್ಲವನ್ನೂ ಕೇಳಿಸಿಕೊಂಡು, ನೀರಿನ ಮೋಟರು ಕೆಟ್ಟಿದೆಯೆಂದು ಹೇಳಿ ಬಾವಿಯ ಕಡೆ ಹೋದರು. ಮೋಟರು ಚೆನ್ನಾಗಿಯೇ ಓಡುತ್ತಿತ್ತು.

ಆಯಿ ಮಾಮಿಯ ಹಳೆಯ ನೂಲಿನ ಸೀರೆ ಉಟ್ಟು, ಮಾಮಿಯ ಒಲೆಯ ಎದುರಿಗೆ ಮಣೆಯ ಮೇಲೆ ಕೂತರು. ತಟ್ಟೆಗೆ ರೊಟ್ಟಿ ಬಿತ್ತು, ಪಲ್ಯ ಬಿತ್ತು, ಒಂದು ಬದಿಗೆ ಶೇಂಗಾ ಹೋಳಿಗೆ. ಅವರು ಮೊದಲು ಕೈ ಹಾಕಿದ್ದು ಹೋಳಿಗೆಗೆ. ಮುರಿದು ಬಾಯಿಗಿಟ್ಟು ನಿಧಾನವಾಗಿ ಅಗಿದರು. ನಾವೆಲ್ಲ ಅವರ ಬಾಯಿಯನ್ನೇ ನೋಡುತ್ತ ನಿಂತಿದ್ದೆವು. ನುಂಗಿದ ಮೇಲೆ ನನ್ನ ಕಡೆ ತಿರುಗಿ ಅಂದರು:

"ಏಲಕ್ಕಿ ಅಲ್ಲ ಇದು, ಜಾಜಿಕಾಯಿ. ಇಷ್ಟ ವರ್ಷ ನನಗ ತಪ್ಪ ಹೇಳ್ಲಿಕ್ಕತ್ತೀಯಲ್ಲ."

ಮಾಮಿ ಅಳುತ್ತಲೇ ನಕ್ಕುಬಿಟ್ಟರು.

ಅಲ್ಲಿ ಮೂರು ದಿನ ಇರಲೆಂದು ಹೋದವರು ಇನ್ನಷ್ಟು ದಿನ ಉಳಿದೆವು. ಗಾಡಿ ಬೇವಿನ ಮರದ ಕೆಳಗೆ ಬಾಗಿಲು ತೆರೆದುಕೊಂಡು ಖಾಲಿ ನಿಂತಿತ್ತು, ಅದರೊಳಗೆ ಕೋಳಿಗಳು ಓಡಾಡಿಕೊಂಡಿದ್ದವು. ಊರಿಗೆ ಮರಳುವ ದಾರಿಯಲ್ಲಿ ನಾನು ಮೆಲ್ಲಗೆ, "ಆಯಿ, ಆ ಕಿಟಕಿ ನೀವ ಹಾಕಿದ್ರೇನು?" ಅಂದೆ.

"ಥಂಡಿ ಇತ್ತು" ಅಂದರು, ಹೊರಗೆ ನೋಡುತ್ತ.

ಮನೆಗೆ ಬಂದರೂ ಅವರ ಮಡಿ ಮೊದಲಿನಂತೆಯೇ ನಡೆದಿದೆ. ಅದೇ ಹಗ್ಗ, ಅದೇ ಕೋಲು, ಮುಟ್ಟಿದರೆ ಅದೇ ಬೈಗುಳ. ನಮ್ಮವರಿಗೆ ಮಾತ್ರ ಆ ಮೂರನೆಯ ರಾತ್ರಿಯ ಕೊರಗು ಇನ್ನೂ ಹೋಗಿಲ್ಲ. ನಾನೂ ಹೇಳಿಲ್ಲ, ಮಗಳಿಂದಲೂ ಆಣೆ ಹಾಕಿಸಿಕೊಂಡಿದ್ದೇನೆ. ಮೊನ್ನೆ ಅಂಗಳದಲ್ಲಿ ಗಾಡಿಯ ಮೇಲೆ ಹತ್ತಿ, ಚಾವಣಿಯ ನಡುವೆ ದೊಡ್ಡದೊಂದು ಗವಾಕ್ಷಿ ಕೊರೆಯಲು ಗುರುತು ಹಾಕುತ್ತಿದ್ದರು. ಇನ್ನು ಮುಂದೆ ಒಂದು ಹನಿಯೂ ಬೀಳಬಾರದಂತೆ. ದೀಪಾವಳಿ ಮುಗಿದ ಮೇಲೆ ಮತ್ತೆ ಮಾಮಾನ ಊರಿಗೆ ಹೋಗುವುದೆಂದು ಆಗಲೇ ಗೊತ್ತಾಗಿದೆ.

ಆಯಿ ತುಳಸಿಕಟ್ಟೆಯ ಹತ್ತಿರ ನಿಂತು ಸ್ವಲ್ಪ ಹೊತ್ತು ಅದನ್ನು ನೋಡಿದರು. ಆಮೇಲೆ ಮಗನಿಗೆ ಕೂಗಿ ಹೇಳಿದರು:

"ಮಾಡೋ, ಬ್ಯಾಡನ್ನೂದಿಲ್ಲ. ಆದ್ರ ಒಳಗಿಂದ ಮುಚ್ಚಲಿಕ್ಕೆ ಬರೂ ಹಂಗ ಮಾಡು."